ಯಾರು ಮಾಡ್ಯಾರ ಅಂತ ಬರೀರಿ

ಜಯಶೀಲ ಶೆಟ್ಟರಿಗೆ ದಿನಕ್ಕೊಂದು ಅನ್ಯಾಯವಾಗುತ್ತಿತ್ತು. ನೀರಿನ ಟ್ಯಾಂಕರ್ ಅರ್ಧ ಗಂಟೆ ತಡವಾದರೆ ಅನ್ಯಾಯ. ಅವರ ಕಾರಿನ ಜಾಗದಲ್ಲಿ ಯಾರದೋ ಸ್ಕೂಟರ್ ನಿಂತಿದ್ದರೆ ಅನ್ಯಾಯ. ಡೊಂಬಿವಲಿ ಪೂರ್ವದ ಏಳು ಮಾಳಿಗೆಯ ನೀಲಾಂಬರಿ ಸೊಸೈಟಿಗೆ ಅವರು ಒಂಬತ್ತು ವರ್ಷಗಳಿಂದ ಸೆಕ್ರೆಟರಿ; ಅಂಬರನಾಥದ ಕಾರ್ಖಾನೆಗಳಿಗೆ ಊಟ ಕಳಿಸುವ ಕ್ಯಾಂಟೀನಿನ ಮಾಲೀಕರು. ಯಾರಿಗೆ ಬೇಕಾದರೂ ಅನ್ಯಾಯ ಮಾಡುವಷ್ಟು ಅನುಕೂಲವಿದ್ದ ಮನುಷ್ಯ, ತನಗೇ ಅನ್ಯಾಯವಾಗಿದೆ ಎಂದು ನಂಬಿಸಲು ಪಡುತ್ತಿದ್ದ ಪಾಡು ನೋಡಿದರೆ ಸುಲೋಚನಾ ಟೀಚರಿಗೆ ಹೇಸಿಗೆಯಾಗುತ್ತಿತ್ತು.

ಸುಲೋಚನಾ ಐದನೆಯ ಮಾಳಿಗೆಯಲ್ಲಿ ಮಗಳು ಮಾನಸಿಯ ಜೊತೆ ಇದ್ದರು. ಠಾಣೆಯ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಕಟ್ಟಡದ ಕನ್ನಡದವರಿಗೆ ಏನು ಬರೆಯುವುದಿದ್ದರೂ ಅವರೇ ಬೇಕು. ರಾಜ್ಯೋತ್ಸವದ ಬ್ಯಾನರಿನಲ್ಲಿ ತಮ್ಮ ಹೆಸರು ಮೂರನೆಯದಾಗಿ ಬಂದಿದೆಯೆಂದು ಶೆಟ್ಟರು ಒಮ್ಮೆ ಓಡಿ ಬಂದಿದ್ದರು. "ನೀವೇ ಹೇಳಿ ಟೀಚರ್, ಇದು ಅನ್ಯಾಯ ಅಲ್ವಾ? ಕನ್ನಡ ಸಂಘಕ್ಕೊಂದು ಖಡಕ್ ಪತ್ರ ಬರೆದುಕೊಡಿ." ಸುಲೋಚನಾ ಮೂರು ಪುಟ ಬರೆದುಕೊಟ್ಟರು. 'ಘೋರ ಅನ್ಯಾಯ' ಎಂದು ಎರಡು ಕಡೆ ಸೇರಿಸಿದರು ಕೂಡ. ಶೆಟ್ಟರು ಹೋದಮೇಲೆ ಬಾಗಿಲು ಹಾಕಿಕೊಂಡು ನಕ್ಕರು. ತಿರಸ್ಕಾರ ಮಾಡುತ್ತಲೇ ಅವನ ಕೆಲಸ ಮಾಡಿಕೊಡುವುದು ಜಾಣತನವೆಂದು ಅವರಿಗೆ ಅನಿಸಿತ್ತು.

ಆ ಕಟ್ಟಡದ ಐದು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುತ್ತಿದ್ದವಳು ದ್ರೌಪದಿ. ವಿಜಯಪುರದ ಕಡೆಯವಳು, ವಿಠ್ಠಲವಾಡಿಯಲ್ಲಿ ಮನೆ. ಗಂಡ ಬಾಲಪ್ಪ ವಾಶಿಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಕಳೆದ ವರ್ಷ ಸೊಸೈಟಿಯಲ್ಲಿ ಒಂದು ಠರಾವು ಆಗಿತ್ತು: ಮನೆಗೆಲಸದವರು ಲಿಫ್ಟ್ ಬಳಸಕೂಡದು. ಅಂದಿನಿಂದ ದ್ರೌಪದಿ ದಿನಕ್ಕೆರಡು ಸಲ ಏಳು ಮಾಳಿಗೆ ಹತ್ತಿಳಿಯುತ್ತಿದ್ದಳು.

ಫೆಬ್ರವರಿಯ ಒಂದು ಭಾನುವಾರ ಶೆಟ್ಟರ ಮೊಮ್ಮಗನ ನಾಮಕರಣ. ಊಟ ಟೆರೇಸಿನಲ್ಲಿ. ಲಿಫ್ಟ್ ನೆಂಟರಿಗೆಂದು ಮೀಸಲಿಟ್ಟು, ಟೆಂಪೋದಿಂದ ಇಳಿದ ಬಿಸಿ ಪಾಯಸದ ಪಾತ್ರೆಯನ್ನು ಮೆಟ್ಟಿಲ ಮೇಲೆ ಹೊತ್ತು ತರಲು ದ್ರೌಪದಿಗೆ ಹೇಳಿದರು. ಐದನೆಯ ಮಾಳಿಗೆಯ ತಿರುವಿನಲ್ಲಿ ಅವಳ ಕಾಲು ಜಾರಿತು. ಸದ್ದು ಕೇಳಿ ಸುಲೋಚನಾ ಬಾಗಿಲು ತೆರೆದರೆ, ದ್ರೌಪದಿ ಗೋಡೆಗೊರಗಿ ಕೂತಿದ್ದಾಳೆ, ಬಲಗಾಲು ಮೊಣಕಾಲಿನವರೆಗೆ ಬೆಂದಿದೆ, ಪಾಯಸ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದೆ.

ಮೇಲಿನಿಂದ ಶೆಟ್ಟರು ಇಳಿದು ಬಂದರು. ರೇಷ್ಮೆ ಪಂಚೆ ಎತ್ತಿ ಹಿಡಿದುಕೊಂಡು ಮೆಟ್ಟಿಲು ನೋಡಿದರು.

"ಛೆ ಛೆ ಛೆ! ಎಂಥ ಪಾಯಸ ಮಾರಾಯ್ರೇ, ಅನ್ಯಾಯ ಆಯ್ತಲ್ಲಾ!"

ಊರ ಕಡೆ ಹಾಲು ಚೆಲ್ಲಿದರೂ ಅನ್ನ ಹಳಸಿದರೂ ಹಾಗೆ ಅನ್ನುವುದುಂಟು. ಸುಲೋಚನಾ ಕೂಡ ಎಷ್ಟೋ ಸಲ ಅಂದಿದ್ದಾರೆ. ಅವತ್ತು ಆ ಮಾತು ಕಿವಿಗೆ ಚುಚ್ಚಿತು. ಮಾನಸಿ ಕಾಲಿನ ಮೇಲೆ ತಣ್ಣೀರು ಸುರಿದು, ರಿಕ್ಷಾ ಕರೆಸಿ ದ್ರೌಪದಿಯನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಸುಲೋಚನಾ ಸೀರೆ ಬದಲಿಸಿ ಟೆರೇಸಿಗೆ ಹೋಗಿ ಊಟ ಮಾಡಿ ಬಂದರು. ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದುಕೊಂಡರು.

ಮರುದಿನ ಶೆಟ್ಟರು ಗೇಟಿನಲ್ಲಿ ಹೇಳಿಟ್ಟರು: ಆ ಹೆಂಗಸನ್ನು ಒಳಗೆ ಬಿಡಬೇಡಿ, ಕೆಲಸದಲ್ಲಿ ಗಮನವಿಲ್ಲ. ಒಂದೇ ಮಾತಿಗೆ ಐದೂ ಮನೆಯ ಕೆಲಸ ಹೋಯಿತು.

ಒಂದು ತಿಂಗಳಾದ ಮೇಲೆ ಸ್ಟೇಷನ್ ಹತ್ತಿರದ ತರಕಾರಿ ಸಾಲಿನಲ್ಲಿ ದ್ರೌಪದಿ ಸುಲೋಚನಾರನ್ನು ಹಿಡಿದು ನಿಲ್ಲಿಸಿದಳು. ಕಾಲಿಗೆ ಇನ್ನೂ ಬಟ್ಟೆ ಸುತ್ತಿತ್ತು.

"ಟೀಚರ್ ಅಕ್ಕಾರ, ನನಗೊಂದು ಅರ್ಜಿ ಬರದು ಕೊಡ್ರಿ. ಸೊಸೈಟಿ ಮೀಟಿಂಗಿನಾಗ ಓದಬೇಕು."

ಚಹಾದಂಗಡಿಯ ಬೆಂಚಿನಲ್ಲಿ ಕೂತು ಸುಲೋಚನಾ ಬರೆದರು. ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಹೇಳಿ, 'ಹೀಗೆ ನನಗೆ ಅನ್ಯಾಯವಾಗಿದೆ, ದಯವಿಟ್ಟು ಪರಿಶೀಲಿಸಬೇಕು' ಎಂದು ಮುಗಿಸಿ ಓದಿ ಹೇಳಿದರು.

ದ್ರೌಪದಿ ಕೊನೆತನಕ ಕೇಳಿದಳು. ಆಮೇಲೆ ಅಂದಳು: "ಅನ್ಯಾಯ ಆಗಾಕ ಅದೇನ್ ಮಳಿ ಏನ್ರಿ, ತಾನ ಆಗಾಕ? ಯಾರು ಮಾಡ್ಯಾರ ಅಂತ ಬರೀರಿ."

"ಹಾಗೆ ಹೆಸರು ಹಾಕಿದ್ರೆ ಅವ್ರಿಗೆ ಸಿಟ್ಟು ಬರ್ತದೆ ದ್ರೌಪದಿ. ನಿನಗೇ ತೊಂದರೆ."

"ನನಗ ಇನ್ನೇನ್ ತೊಂದರಿ ಮಾಡ್ತಾರ್ರಿ ಅವ್ರು? ಬರೀರಿ. ಜಯಶೀಲ ಶೆಟ್ಟಿ ಅನ್ಯಾಯ ಮಾಡ್ಯಾನ."

ಕರ್ತೃಪದ ಎಲ್ಲಿ ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ್ದ ಸುಲೋಚನಾ ತಲೆ ತಗ್ಗಿಸಿ 'ಆಗಿದೆ' ಹೊಡೆದುಹಾಕಿದರು. 'ಮಾಡಿದ್ದಾರೆ' ಎಂದು ಬರೆದರು.

"ಲಿಫ್ಟಿನ ಕಾಗದಕ್ಕ ಯಾರ್ಯಾರು ಸಹಿ ಮಾಡ್ಯಾರ?"

ಸುಲೋಚನಾರ ಪೆನ್ನು ನಿಂತಿತು. "ಕಮಿಟಿಯವರು. ಆರು ಜನ."

"ನೀವೂ ಕಮಿಟಿಯಾಗ ಅದೀರಿ, ಹೌದಿಲ್ರಿ?"

"ಎಲ್ಲರೂ ಮಾಡಿದ್ರು... ನಾನೂ ಮಾಡಿದೆ. ಓದಿರಲಿಲ್ಲ."

ದ್ರೌಪದಿ ಬಯ್ಯಲಿಲ್ಲ. ತೊಳೆದಿಟ್ಟ ಪಾತ್ರೆಯಲ್ಲಿ ಮುಸುರೆ ಉಳಿದಿದೆಯೋ ಎಂದು ನೋಡುವಂತೆ ಅವರ ಮುಖ ನೋಡಿದಳು.

"ಓದಾಕ ಬರದಾಕಿ ನಾನು. ನಿಮಗೇನಾಗಿತ್ತು? ಆರೂ ಹೆಸರು ಬರೀರಿ."

ಸುಲೋಚನಾ ಬರೆದರು. ತಮ್ಮದನ್ನು ಕೊನೆಯಲ್ಲಿ, ಸ್ವಲ್ಪ ಸಣ್ಣಕ್ಷರದಲ್ಲಿ. ದ್ರೌಪದಿ ಹೆಬ್ಬೆಟ್ಟು ಒತ್ತಿದಳು.

ಮಾನಸಿ ಅದನ್ನು ಮರಾಠಿಗೆ ತಿರುಗಿಸಿ ಕಂಪ್ಯೂಟರಿನಲ್ಲಿ ಬರೆದಳು. ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿ ಮೀಟಿಂಗ್ ಸೇರಿತು. ಮೂವತ್ತು ಮನೆಯವರಿದ್ದರು. ಸುಲೋಚನಾ ಎದ್ದು ಓದತೊಡಗಿದರು. ಶೆಟ್ಟರ ಹೆಸರು ಬರುತ್ತಲೇ ಅವರ ದನಿ ಗಟ್ಟಿಯಾಯಿತು. ಒಂಬತ್ತು ವರ್ಷದ ತಿರಸ್ಕಾರಕ್ಕೆ ಕೊನೆಗೂ ಬಾಯಿ ಬಂದಂತಿತ್ತು. ಉಳಿದ ನಾಲ್ವರ ಹೆಸರನ್ನೂ ಸ್ಪಷ್ಟವಾಗಿ ಓದಿದರು. ಕಾಗದ ಮಡಚಿ ಕೂತರು.

ಹಿಂದಿನ ಸಾಲಿನಿಂದ ಮಾನಸಿ ಎದ್ದಳು. "ಅಮ್ಮ, ಏಕ್ ನಾವ್ ರಾಹಿಲಂ." ಒಂದು ಹೆಸರು ಉಳಿದುಹೋಯಿತು. ತಾಯಿಯ ಕಡೆ ನೋಡದೆ ತಾನೇ ಹೇಳಿದಳು: "ಸುಲೋಚನಾ ನಾಯಕ್."

ಯಾರೋ ಕಿಸಕ್ಕನೆ ನಕ್ಕರು. ಸುಲೋಚನಾ ಮಡಚಿದ ಕಾಗದವನ್ನು ಇನ್ನೊಮ್ಮೆ ಮಡಚಿದರು.

ಶೆಟ್ಟರು ಕುರ್ಚಿಯಿಂದ ಎದ್ದು ನಿಂತರು. "ಒಂಬತ್ತು ವರ್ಷ ದುಡಿದೆ ನಾನು! ಫುಕಟ್! ಒಂದು ಪೈಸೆ ಇಲ್ಲದೆ! ನನ್ನ ಮೊಮ್ಮಗನ ನಾಮಕರಣ ಹಾಳಾಯ್ತು, ಈಗ ನನ್ನ ಮೇಲೆಯೇ ಅರ್ಜಿಯಾ? ಅನ್ಯಾಯ ಆದದ್ದು ಯಾರಿಗೆ? ನನಗೆ!" ಕಣ್ಣಲ್ಲಿ ನೀರು ಕೂಡ ಬಂತು. ಅದು ನಿಜವಾದ ನೀರೇ. ತನಗೆ ಅನ್ಯಾಯವಾಗಿದೆಯೆಂದು ಆ ಮನುಷ್ಯ ಪೂರ್ತಿ ನಂಬಿದ್ದ; ಅಷ್ಟರಮಟ್ಟಿಗೆ ಅವನಿಗೆ ಬೇರೆ ಯಾರೂ ಕಾಣಿಸುತ್ತಿರಲಿಲ್ಲ.

ಅಳುವ ಸೆಕ್ರೆಟರಿಯನ್ನು ನೋಡಿ ಹಿರಿಯರು ಮುಜುಗರಪಟ್ಟರು, ಕಿರಿಯರಿಗೆ ರೇಗಿತು. ನಾಲ್ಕನೆಯ ಮಾಳಿಗೆಯ ಹೃಷೀಕೇಶ, "ಲಿಫ್ಟಿನ ಠರಾವು ಇವತ್ತೇ ರದ್ದಾಗಬೇಕು," ಎಂದ. ಕೈ ಎಣಿಸಿದರು: ಹದಿನೆಂಟು ಪರ, ಒಂಬತ್ತು ವಿರುದ್ಧ; ಮೂವರು ಕೈ ಎತ್ತಲೇ ಇಲ್ಲ. ಠರಾವು ಹೋಯಿತು. ದ್ರೌಪದಿಯನ್ನು ಒಳಗೆ ಬಿಡಬೇಕೆಂದೂ ಆಯಿತು. ಶೆಟ್ಟರು ರಾಜೀನಾಮೆ ಎಂದು ಕೂಗಿ ಲಿಫ್ಟ್ ಹತ್ತಿ ಹೋದರು. ಸಂಜೆ ಸುಲೋಚನಾರ ಮನೆಗೆ ಬಂದರು. "ಟೀಚರ್, ಆದದ್ದು ಆಯ್ತು. ರಾಜೀನಾಮೆ ಪತ್ರ ಒಂದು ಚೆಂದ ಮಾಡಿ ಬರೆದುಕೊಡಿ."

"ನೀವೇ ಬರೀರಿ," ಎಂದು ಸುಲೋಚನಾ ಬಾಗಿಲು ಹಾಕಿದರು. ಈ ಸಲ ನಗು ಬರಲಿಲ್ಲ.

ಆಮೇಲೆ ದ್ರೌಪದಿಗೆ ಫೋನ್ ಮಾಡಿ ಎಲ್ಲ ಹೇಳಿದರು: ಠರಾವು ಹೋಯಿತು, ನಾಳೆಯಿಂದ ಬರಬಹುದು, ಐದೂ ಮನೆಯವರು ಕರೆದಿದ್ದಾರೆ.

"ನಾ ಬರಂಗಿಲ್ರಿ. ಅಂಬರನಾಥದಾಗ ಒಂದು ಔಷಧಿ ಫ್ಯಾಕ್ಟರಿಯಾಗ ಡಬ್ಬಿ ತುಂಬೋ ಕೆಲಸ ಸಿಕ್ಕೈತಿ. ಕುಂತು ಮಾಡೋದು." ಆಮೇಲೆ ಕೇಳಿದಳು: "ಹೆಸರು ಓದಿದ್ರಿ?"

"ಓದಿದೆ."

"ಆರೂ?"

ಅಡಿಗೆಮನೆಯಲ್ಲಿ ಮಾನಸಿ ನಲ್ಲಿ ನಿಲ್ಲಿಸಿದಳು.

"ಐದು ನಾನು ಓದಿದೆ," ಎಂದರು ಸುಲೋಚನಾ. "ನನ್ನದು ಮಾನಸಿ ಓದಿದಳು."

"ಹಂಗಾದ್ರ ಮಾನಸಿ ಬಾಯಾರಿಗೆ ಹೇಳ್ರಿ, ದ್ರೌಪದಿ ಕೇಳಿದ್ಲಂತ," ಎಂದು ದ್ರೌಪದಿ ಫೋನ್ ಇಟ್ಟಳು.