ಮಾಲಕಾರ್ನೆಯವರ ಮಾಂಸದಂಗಡಿ

ಓರ್ನೆಲ್ಲಾಳ ಮನೆತನದ ಹೆಸರು ಮಾಲಕಾರ್ನೆ. ಅಂದರೆ ಕೆಟ್ಟ ಮಾಂಸ. ಬಡಗಿಯ ಮನೆಗೋ ಮೇಷ್ಟರ ಮನೆಗೋ ಈ ಹೆಸರು ಬಿದ್ದಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಆದರೆ ಇಟಲಿಯ ಬೆಲ್ಲೂನೊ ಸೀಮೆಯ ಆ ಬೆಟ್ಟದೂರಿನಲ್ಲಿ ಅವರದು ತಲೆತಲಾಂತರದ ಮಾಂಸದಂಗಡಿ. ಅಪ್ಪ ಎವಾರಿಸ್ತೊ ಬಾಗಿಲ ಮೇಲೆ 'ಮಾಂಸ' ಎಂದಷ್ಟೇ ಬರೆಸಿದ್ದ. ರಜೆಗೆ ಬಂದ ಪಟ್ಟಣದವರು ಹೆಸರು ಕೇಳಿದರೆ ಸುಮ್ಮನೆ ಕೆಮ್ಮಿ, ಎಲುಬು ಕಡಿಯಲು ಒಳಗೆ ಹೋಗಿಬಿಡುತ್ತಿದ್ದ.

ಅಂಗಡಿ ತನ್ನ ಕೈಗೆ ಬಂದದ್ದೇ ಓರ್ನೆಲ್ಲಾ ಹೆಸರು ಬದಲಿಸಲು ಸರ್ಕಾರಕ್ಕೆ ಅರ್ಜಿ ಹಾಕಿದಳು. ತಾಯಿಯ ಕಡೆಯ ಸಾವಿಯಾನೆ ಎಂಬ ಹೆಸರು ಇಟ್ಟುಕೊಳ್ಳುವುದು ಅವಳ ಇಚ್ಛೆ. ಅಪ್ಪನಿಗೆ ತಿಳಿಸಲು ಅಳುಕಿತ್ತು. ಅವನು ಬೈಯಲಿಲ್ಲ.

"ಮಾಡ್ಕೋ ಮಗಳೇ. ನೀನಾದ್ರೂ ಬಿಡಿಸ್ಕೋ," ಎಂದು ಚಾಕು ಮಸೆಯತೊಡಗಿದ.

ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಪುರಸಭೆಯ ಹಲಗೆಗೆ ನೋಟೀಸು ಅಂಟಿಸಿದರು, ತಕರಾರಿದ್ದವರು ಹೇಳಬಹುದಿತ್ತು. ಯಾರೂ ಹೇಳಲಾರರು ಎಂದುಕೊಂಡಿದ್ದಾಗ, ಒಂದು ಬೆಳಿಗ್ಗೆ ಮೇಲಿನ ಹಳ್ಳಿಯಿಂದ ಮುದುಕಿ ಜೀತಾ ಬಸ್ಸಿಳಿದು ನೇರ ಅಂಗಡಿಗೆ ಬಂದಳು.

"ಮೊನ್ನೆ ಬಂದಾಗ ನೋಟೀಸು ನೋಡ್ದೆ. ನಂದು ತಕರಾರಿದೆ."

ಎವಾರಿಸ್ತೊನ ಮುಖ ಬಿಳಿಚಿಕೊಂಡಿತು. "ಅಜ್ಜೀ, ಆ ಹಳೇದೆಲ್ಲ ಇವಳಿಗೆ ಗೊತ್ತಿಲ್ಲ. ಕೈ ಮುಗೀತೀನಿ, ಬಿಟ್ಟುಬಿಡಿ."

"ಯಾವ ಹಳೇದಪ್ಪಾ?" ಎಂದಳು ಓರ್ನೆಲ್ಲಾ.

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ದನಗಳಿಗೆ ದೊಡ್ಡ ಜಾಡ್ಯ ಬಂದಿತ್ತಂತೆ. ನಮ್ಮ ಹಿರೀಕ ಸತ್ತ ದನದ ಮಾಂಸ ಮಾರಿದ. ತಿಂದು ಕೆಳಗಿನ ಕೇರಿ ಮಕ್ಕಳು ಸತ್ತವು. ಆ ಹೆಸರು ಅದಕ್ಕೇ ಬಿದ್ದಿದ್ದು. ಸಾಯೋ ಮುಂಚೆ ನಮ್ಮ ತಾತ ಹೇಳ್ದ."

ಅಪ್ಪ ಇಗರ್ಜಿಯಲ್ಲಿ ಯಾವತ್ತೂ ಕೊನೆಯ ಬೆಂಚಿನಲ್ಲೇ ಏಕೆ ಕೂರುತ್ತಾನೆಂಬುದು ಓರ್ನೆಲ್ಲಾಳಿಗೆ ಆಗ ಅರ್ಥವಾಯಿತು. ಇಷ್ಟು ವರ್ಷ ಒಬ್ಬನೇ ನುಂಗಿಕೊಂಡಿದ್ದ.

ಜೀತಾ ಅವನನ್ನೇ ದಿಟ್ಟಿಸಿ ನೋಡಿದಳು. "ಯಾವ ತಲೆಕೆಟ್ಟೋನು ನಿಮ್ಮ ತಾತನಿಗೆ ಹಾಗಂದದ್ದು? ಮಾರಿದೋನು ಸೇತುವೆ ಹತ್ರದ ಕಟುಕ ಕಣೋ. ಅವನ ವಂಶದೋರು ರಾತ್ರೋರಾತ್ರಿ ಊರು ಬಿಟ್ರು. ನಿಮ್ಮೋನು ಈ ಬಾಗಿಲಿಗೇ ಅಡ್ಡ ನಿಂತು, ಬಂದೋರಿಗೆಲ್ಲ 'ಮಾಲಕಾರ್ನೆ, ಮಾಲಕಾರ್ನೆ' ಅಂತ ಕೂಗಿ ವಾಪಸ್ ಕಳಿಸ್ದ. ಕೂಗಿ ಕೂಗಿ ಅದೇ ಅವನ ಹೆಸರಾಯ್ತು. ತನ್ನ ದನಾನೆಲ್ಲ ಸುಣ್ಣ ಸುರಿದು ಹೂತ. ಚಳಿಗಾಲ ಪೂರ್ತಿ ಅವನ ಮಕ್ಕಳಿಗೆ ಬರೀ ಜೋಳದ ಗಂಜಿ."

"ನಿಮಗೆ ಹೇಗೆ ಗೊತ್ತು?" ಎಂದ ಎವಾರಿಸ್ತೊ.

"ಆಗ ನಮ್ಮ ವಂಶದ ಹೆಂಗಸೊಬ್ಬಳು ಪಾತ್ರೆ ಹಿಡ್ಕೊಂಡು ಬಂದು, ಕೊಡಲ್ಲ ಅಂದಿದ್ದಕ್ಕೆ ಅವನಿಗೆ ಬಾಯಿಗೆ ಬಂದಂಗೆ ಬೈದು ಹೋಗಿದ್ಲಂತೆ. ಅವಳ ಮಕ್ಕಳು ಉಳಿದ್ರು, ಅದಕ್ಕೇ ನಾವಿದೀವಿ. ಸತ್ತೋರ ಹಬ್ಬದ ದಿನ ಈಗಲೂ ನಮ್ಮೋರ ಜೊತೆ ಮಾಲಕಾರ್ನೆಗೂ ಒಂದು ಪ್ರಾರ್ಥನೆ ಹೇಳ್ತೀವಿ. ಅಂಥಾ ಹೆಸರನ್ನ ಇವಳು ಕಿತ್ತು ಬಿಸಾಡಿದ್ರೆ ನಾನು ಯಾರಿಗೆ ಅಂತ ಹೇಳ್ಲಿ?"

"ಮತ್ತೆ ಯಾರೂ ನಮಗೆ ಒಂದು ಮಾತು ಹೇಳ್ಲಿಲ್ವಲ್ಲ ಅಜ್ಜೀ," ಎಂದಳು ಓರ್ನೆಲ್ಲಾ.

"ನಿಮಗೆ ಗೊತ್ತಿಲ್ಲ ಅಂತ ನಮಗೇನು ಕನಸು ಬಿದ್ದಿತ್ತಾ? ಹೆಸರೆತ್ತಿದ್ರೆ ಸಾಕು, ನಿಮ್ಮಪ್ಪ ಒಳಗೆ ಓಡಿಹೋಗ್ತಿದ್ದ."

ಎವಾರಿಸ್ತೊ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡ. "ಹಾಗಾದ್ರೆ ನಮ್ಮಿಂದ ಯಾರೂ ಸಾಯ್ಲಿಲ್ಲ?"

"ನಾನೇ ಎದುರಿಗೆ ನಿಂತಿದೀನಲ್ಲಪ್ಪಾ. ಸೂಪಿಗೆ ಒಳ್ಳೇ ಎಲುಬು ಹಾಕ್ಕೊಡು, ಬಸ್ಸು ಹೊರಡತ್ತೆ."

ಅವನು ನಕ್ಕ. ಮೊದಲು ಮೆಲ್ಲಗೆ, ಆಮೇಲೆ ಭುಜ ಕುಲುಕುವಷ್ಟು. ಮಜ್ಜೆ ತುಂಬಿದ ಎಲುಬುಗಳನ್ನೇ ಆರಿಸಿ ಕಟ್ಟಿ, ಬಸ್ಸಿನವರೆಗೂ ತಾನೇ ಹೊತ್ತುಕೊಂಡು ಹೋದ. ದಾರಿಯುದ್ದಕ್ಕೂ ಮುದುಕಿ ಅವನಿಗೆ ಬೈಯುತ್ತಲೇ ಇದ್ದಳು.

ಮಧ್ಯಾಹ್ನ ಓರ್ನೆಲ್ಲಾ ಪುರಸಭೆಗೆ ಹೋಗಿ ಅರ್ಜಿ ವಾಪಸು ಪಡೆಯುತ್ತೇನೆಂದಳು. ಗುಮಾಸ್ತ ಗೊಣಗಿದ, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಎದೆ ಹಗುರಾಗಿತ್ತು.

ಮರಳಿ ಬಂದಾಗ ಎವಾರಿಸ್ತೊ ಅಂಗಡಿಯ ಮೂಲೆಯ ಕುರ್ಚಿಯಲ್ಲಿ ತಲೆ ಹಿಂದಕ್ಕೊರಗಿಸಿ, ಬಾಯಿ ಬಿಟ್ಟುಕೊಂಡು ನಿದ್ದೆ ಹೋಗಿದ್ದ. ಕಾಯುತ್ತಿದ್ದ ಹೆಂಗಸರು ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಓರ್ನೆಲ್ಲಾ ಮಚ್ಚು ಬದಿಗಿಟ್ಟು, ಸದ್ದಾಗದ ಸಣ್ಣ ಚಾಕುವಿನಲ್ಲಿ ಮಾಂಸ ಕೊಯ್ಯತೊಡಗಿದಳು.