ಫ್ರೀಜರಿನ ಅಳ್ಳಿನ ಜೋಳ

ನೂರು ಕಾಳು ಎಣಿಸಿ ಒದ್ದೆ ಪೇಪರ್ ಟವೆಲ್ಲಿನ ಮೇಲೆ ಹತ್ತು ಹತ್ತರ ಸಾಲಿನಲ್ಲಿ ಹರಡಿದಳು ಶ್ರೀಲತಾ. ಭೀಮಾ ತೀರದ ಊರಿಂದ ಅತ್ತೆ ರುದ್ರಮ್ಮ ಎಂಟು ವರ್ಷದ ಹಿಂದೆ ಅಮೆರಿಕದಲ್ಲಿದ್ದ ಹಿರಿಮಗ ರಾಜಶೇಖರನ ಮನೆಗೆ, ಫಾರ್ಮಿಂಗ್ಟನ್ ಹಿಲ್ಸಿಗೆ ಬಂದಾಗ ತಂದ ಅಳ್ಳಿನ ಜೋಳ ಅದು; ನಾಗರ ಪಂಚಮಿಗೆ ಹುರಿದರೆ ಬೆಳ್ಳಗೆ ಅರಳುವಂಥದು. ರವೆ, ಕಡಲೆಹಿಟ್ಟಿನ ಜೊತೆ ಅದನ್ನೂ ಬೇಸ್‌ಮೆಂಟಿನ ಫ್ರೀಜರಿಗೆ ಸೇರಿಸಿದ್ದಳು. ಹುಳ ಬೀಳಬಾರದೆಂದು ಇಲ್ಲಿನ ಕನ್ನಡದವರ ಮನೆಗಳಲ್ಲಿ ಎಲ್ಲರೂ ಮಾಡುವುದೇ ಹಾಗೆ.

ಈಗ ಅದು ಬರಿ ತಿನ್ನುವ ಕಾಳಾಗಿ ಉಳಿದಿರಲಿಲ್ಲ. ಹೋದ ವರ್ಷ ಹೊಳೆ ಏರಿ, ರುದ್ರಮ್ಮ ಇರುವ ಕಿರಿಮಗನ ಮನೆಯಲ್ಲಿ ಎರಡು ದಿನ ನೀರು ನಿಂತಾಗ ಬೀಜದ ಚೀಲ ಕೊಳೆತುಹೋಗಿತ್ತು. ಆ ತಳಿಯನ್ನು ಬೆಳೆಯುತ್ತಿದ್ದದ್ದು ಅವರೊಬ್ಬರೇ. ಉಳಿದವರು ಕಂಪನಿ ಬೀಜಕ್ಕೆ, ಕಬ್ಬಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ನಾಲ್ಕು ಊರು ಅಲೆದು, ಬೀಜ ಸಂಗ್ರಹಿಸುವವರನ್ನೂ ವಿಚಾರಿಸಿ, ಎಲ್ಲೂ ಸಿಗದೆ ರುದ್ರಮ್ಮ ಫೋನ್ ಮಾಡಿದ್ದರು.

"ನಿನ್ನ ಆ ಥಂಡಿ ಪೆಟ್ಟಿಗ್ಯಾಗ ಎಷ್ಟ್ ಐತೆವಾ?"

"ಎರಡು ಕಪ್ ಇರಬಹುದು, ಅತ್ತೆ."

"ಸಾಕ್ ತಗೊ. ಹಿತ್ತಲದಾಗ ಹಾಕಿದ್ರ ಆಮ್ಯಾಲೆ ಹೊಲಾ ತುಂಬತೈತಿ. ರಾಜಶೇಖರ ಬರುವಾಗ ಕಳಸು. ಇನ್ನ ಒಂದ್ ಕಾಳೂ ಹುರೀಬ್ಯಾಡ ಮತ್ತ!"

ಕಳಿಸುವ ಮೊದಲು ಮೊಳೆಯುತ್ತದೆಯೇ ನೋಡು ಎಂದವಳು ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಲ್ಲಿದ್ದ ಗೆಳತಿ. ಅವಳ ಕೆಲಸವೇ ಬೀಜ ಪರೀಕ್ಷೆ.

"ಫ್ರೀಜರ್ ಒಳ್ಳೇದೇ ಕಣೆ. ಒಣಗಿದ ಬೀಜ ಇಪ್ಪತ್ತು ವರ್ಷ ಬೇಕಾದ್ರೂ ಸುಮ್ನೆ ಮಲಗಿರತ್ತೆ. ಒದ್ದೆ ಇದ್ರೆ ಮಾತ್ರ ಮುಗೀತು, ಒಳಗಿನ ನೀರು ಐಸ್ ಆಗಿ ಜೀವಾನೇ ಸೀಳಿಬಿಡತ್ತೆ. ನಿಂದು ಯಾವತ್ತೂ ಒದ್ದೆ ಆಗಿಲ್ಲ ತಾನೆ?"

"ಇಲ್ಲ, ಇಲ್ಲ," ಎಂದಳು ಶ್ರೀಲತಾ. ಎರಡನೆಯ "ಇಲ್ಲ" ಬಾಯಿಂದ ಬೀಳುವಷ್ಟರಲ್ಲಿ ಅವಳಿಗೆ ನೆನಪಾಗಿತ್ತು.

ಅಳ್ಳು ಹುರಿಯುವ ಹಿಂದಿನ ದಿನ ಜೋಳಕ್ಕೆ ಬಿಸಿನೀರು ಹಾಕಿ, ಬಸಿದು, ಬಟ್ಟೆಯಲ್ಲಿ ಕಟ್ಟಿಡಬೇಕು. ಆಗಲೇ ಚೆನ್ನಾಗಿ ಅರಳುವುದು. ಮೂರು ವರ್ಷದ ಹಿಂದೆ ಪ್ರತಿಸಲ ಯಾಕೆ ಈ ಗೋಳು ಎಂದು ಇದ್ದಷ್ಟನ್ನೂ ಒಮ್ಮೆಗೇ ತೋಯಿಸಿದ್ದಳು. ಅರ್ಧ ಹುರಿಯುವಷ್ಟರಲ್ಲಿ ರಟ್ಟೆ ಸೋತಿತ್ತು. ಉಳಿದದ್ದನ್ನು ಜಿಪ್‌ಲಾಕ್ ಚೀಲಕ್ಕೆ ತುಂಬಿ ಮತ್ತೆ ಫ್ರೀಜರಿಗಿಟ್ಟಳು. ಮುಂದಿನ ಎರಡು ಪಂಚಮಿಗೂ ಆ ಕಾಳು ನೇರ ಬಾಣಲೆಗೆ ಬಿದ್ದು ಸೊಗಸಾಗಿ ಅರಳಿತ್ತು. ತನ್ನ ಜಾಣತನಕ್ಕೆ ತಾನೇ ಹಿಗ್ಗಿದ್ದಳು.

ಆದರೂ ಕಾಳು ಹರಡಿದ ಟ್ರೇಯನ್ನು, ಇಡ್ಲಿ ಹಿಟ್ಟಿಗೆ ಮಾಡುವಂತೆ, ಬೆಚ್ಚಗಿರಲೆಂದು ಲೈಟು ಹಾಕಿದ ಓವನ್ನಿನಲ್ಲಿಟ್ಟಳು. ಗಂಟೆಗೊಮ್ಮೆ ಬಾಗಿಲು ತೆಗೆದು ನೋಡಿದಳು.

"ಅಮ್ಮಾ, ಸ್ಟಾಪ್ ಓಪನಿಂಗ್ ಇಟ್," ಎಂದಳು ಮಗಳು ಜಾನ್ವಿ. "ದೇ ನೋ ಯು ಆರ್ ವಾಚಿಂಗ್."

ಮೂರನೆಯ ದಿನ ಕಾಳು ಉಬ್ಬಿತು, ಅಷ್ಟೇ. ಐದನೆಯ ದಿನ ಬೂದು ಬೂಷ್ಟು ಬಂತು. ಏಳನೆಯ ದಿನ ಒಂದನ್ನು ಒತ್ತಿದರೆ ಗಂಜಿಯಂತೆ ಬೆರಳಿಗೆ ಮೆತ್ತಿಕೊಂಡಿತು. ನೂರರಲ್ಲಿ ಒಂದೂ ಮೊಳೆಯಲಿಲ್ಲ. ಒಂದಾದರೂ ಇದ್ದೀತೆಂದು ಇಡೀ ಒಂದು ಕಪ್ ಕಾಳನ್ನು ಮನೆಯಲ್ಲಿದ್ದ ಟ್ರೇಗಳಲ್ಲೆಲ್ಲ ಹರಡಿದಳು. ವಾರದ ಕೊನೆಗೆ ಅಡುಗೆಮನೆಯ ಹುಳಿನಾತ ಗರಾಜಿನವರೆಗೂ ಹೋಯಿತು.

"ಅವ್ವಗ ನಾ ಹೇಳ್ತೀನಿ ಬಿಡು," ಎಂದ ಗಂಡ ರಾಜಶೇಖರ್, ಕೆಲಸದಿಂದ ಬಂದವನು ಷೂ ಕೂಡ ಬಿಚ್ಚದೆ. "ಹಳೇ ಬೀಜ, ಹುಟ್ಟಲಿಲ್ಲ ಅಂದ್ರ ಆತು."

"ಹಳೇದಾಗಿ ಸತ್ತಿದ್ದಲ್ಲ ಅದು," ಎಂದು ಅವಳೇ ಫೋನ್ ಎತ್ತಿಕೊಂಡಳು.

ಬಿಸಿನೀರು, ಬಟ್ಟೆ, ಚೀಲ, ಎಲ್ಲವನ್ನೂ ರುದ್ರಮ್ಮನಿಗೆ ಹೇಳಿದಳು.

"ಎಲ್ಲಾ ತೋಯಿಸಿದ್ಯಾ?"

"ಎಲ್ಲಾ, ಅತ್ತೆ."



"ಉಳದದ್ದು?"

"ಒಂದು ಕಪ್."

"ನಾಡಿದ್ದ ಪಂಚಮಿ. ನಾಳೆ ಹುರಿ. ನಾನೂ ನೋಡ್ತೀನಿ."

ಮರುದಿನ ಬೆಳಿಗ್ಗೆ ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ ಬಾಣಲೆ ಇಟ್ಟಳು. ಮೊದಲ ಹಿಡಿ ಬಿದ್ದೊಡನೆ ಕಾಳು ಚಟಪಟನೆ ಸಿಡಿದು ಮುಚ್ಚಳಕ್ಕೆ ಬಡಿದವು. ಬುಟ್ಟಿ ತುಂಬುತ್ತ ಬಂತು. ಪರದೆಯ ಮೇಲೆ ರುದ್ರಮ್ಮ ಬುಟ್ಟಿಯನ್ನೇ ನೋಡುತ್ತಿದ್ದರು.

"ಚಲೋ ಅರಳ್ಯಾವ," ಎಂದರು. ಮುಖವನ್ನು ಪರದೆಗೆ ಹತ್ತಿರ ತಂದು, "ತಳದಾಗ ಅರಳದ ಕಾಳು ಏನರ ಉಳದಾವೇನು ನೋಡವಾ," ಎಂದರು.

ಹುರಿದ ಕಾಳು ಹುಟ್ಟುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲವೇ? ಶ್ರೀಲತಾ ಬಾಣಲೆಯನ್ನು ಬೆಳಕಿಗೆ ಓರೆ ಮಾಡಿದಳು. ಬೆರಳಾಡಿಸಿ ಹುಡುಕಿದಳು. ಬೆರಳು ಸುಟ್ಟಿತು.

"ಇಲ್ಲ, ಅತ್ತೆ. ಎಲ್ಲಾ ಅರಳಿಬಿಟ್ಟಿವೆ."