ಹಂಚಿಟ್ಟ ಮಷೀನು

ಚಂದ್ರಣ್ಣನ ಬಲಗೈ ಲ್ಯಾಬಿನ ಷಟರಿನಡಿ ಸಿಕ್ಕಿತ್ತು. ಷಟರಿನ ಅಂಚಿನ ಮೇಲೆ ಅಮರೇಶನ ಬೂಟುಗಾಲು. ಚಳ್ಳಕೆರೆಯ ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣ ಕಾದಿತ್ತು. ಬೆರಳು ಮುರಿದವೋ ಬೆಂದವೋ ಅವನಿಗೇ ತಿಳಿಯದಾಯಿತು.

"ಕಾಪಿ ಎಲ್ಲೈತೆ ಹೇಳಲೇ."

"ಎಲ್ಲೋ ಮೇಯ್ತಾ ಐತೆ ಸಾ."

ಪಕ್ಕೆಗೊಂದು ಒದೆ ಬಿತ್ತು.

ಕಾಲೇಜು ಅಮರೇಶನ ಅಪ್ಪನದು. ದೇವಸಮುದ್ರದ ಕುರಿಗಾರರ ಮಗ ಚಂದ್ರಣ್ಣ ಅಲ್ಲಿ ಲ್ಯಾಬ್ ಅಟೆಂಡರ್. ರಾಂಪುರ, ಬಿ.ಜಿ. ಕೆರೆ ಕಡೆಯಿಂದ ಬಸ್ಸಿನಲ್ಲಿ ನಿಂತು ಬರುವ ಮಕ್ಕಳಿಗೆ ಮನೆಯಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಇಡೀ ತರಗತಿಯ ವರ್ಷದ ದುಡಿಮೆ ಲ್ಯಾಬಿನ ವರ್ಚುಯಲ್ ಮಷೀನಿನಲ್ಲಿತ್ತು. ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಅದು. ಹೊರಗಿನಿಂದ ನೋಡಿದರೆ ಬರೀ ಒಂದು ದೊಡ್ಡ ಫೈಲು. ಅಮರೇಶ ಅದನ್ನು ಅಳಿಸಿ, ವೈರಸ್ ತಿಂದಿತು ಎಂದು ಸಾರಿದ್ದ. ನಾಳೆ ಪರೀಕ್ಷಕರು ಬರುತ್ತಾರೆ. ಮಕ್ಕಳು ಅವನ ಅಂಗಡಿಯ ಸಿದ್ಧ ಪ್ರಾಜೆಕ್ಟು ಕೊಳ್ಳಬೇಕು, ಇಲ್ಲವೇ ಫೇಲಾಗಬೇಕು. ಚಂದ್ರಣ್ಣ ಕಾಪಿ ಇಟ್ಟಿದ್ದಾನೆಂಬ ಸುದ್ದಿ ಈಗಷ್ಟೇ ಅವನ ಕಿವಿಗೆ ಬಿದ್ದಿತ್ತು.

ಕುರಿ ಕಾಯುವವರು ಇಡೀ ಮಂದೆಯನ್ನು ಒಂದೇ ರೊಪ್ಪದ ಬೇಲಿಯೊಳಗೆ ಕೂಡಿಹಾಕುವುದಿಲ್ಲ. ರೋಗ ಬಿದ್ದರೆ ಎಲ್ಲ ಒಟ್ಟಿಗೆ ಹೋಗುತ್ತವೆಂದು ನೆಂಟರ ರೊಪ್ಪಗಳಿಗೆ ಹಂಚುತ್ತಾರೆ. ಚಂದ್ರಣ್ಣ ಕಲಿತಿದ್ದ ಬ್ಯಾಕಪ್ಪು ಅದೇ. ಶನಿವಾರ ಶನಿವಾರ ಮಷೀನು ನಿಲ್ಲಿಸಿ, ಒಂದು ಪೆನ್‌ಡ್ರೈವಿಗೆ ಹಿಡಿಸದ ಆ ಫೈಲನ್ನು ತುಂಡು ಮಾಡಿ, ಮಕ್ಕಳ ಪೆನ್‌ಡ್ರೈವುಗಳಿಗೆ ಹಂಚುತ್ತಿದ್ದ. ಒಂದು ತುಂಡು ತಪ್ಪಿದರೂ ಮಷೀನು ಏಳದು. ಅದಕ್ಕೇ ಯಾರ ಹೆಸರನ್ನೂ ಅವನು ಬಾಯಿಬಿಡಲಿಲ್ಲ.

ಅಷ್ಟರಲ್ಲಿ ಬಸ್ಸಿಳಿದ ಮಕ್ಕಳು ಅಂಗಳಕ್ಕೆ ಬಂದರು. ಮುಂದಿದ್ದವಳು ಸ್ವಪ್ನ.

"ಅಣ್ಣನ ಕೈ ಬಿಡ್ರಿ. ನನ್ನತ್ರ ಐತೆ."

ಬೇಡವೆಂದು ಚಂದ್ರಣ್ಣ ತಲೆಯಾಡಿಸಿದ. ಅಮರೇಶ ಅವಳ ಮುಂಗೈ ತಿರುಚಿ ಪೆನ್‌ಡ್ರೈವ್ ಕಿತ್ತುಕೊಂಡ. ಹಿಮ್ಮಡಿಯಲ್ಲಿ ಹೊಸಕಿ ಪುಡಿ ಮಾಡಿದ.

"ಮುಗೀತಲ್ಲ. ಹೋಗ್ರಿ, ಕುರಿ ಮೇಯಿಸ್ಕಳ್ರಿ."

ಚಿತ್ರಾ ಎಂಬ ಮೆದುಮಾತಿನ ಹುಡುಗಿ ಮುಂದೆ ಬಂದಳು. "ಅದೇ ತುಂಡು ನನ್ನತ್ರಾನೂ ಐತೆ ಸರ್. ಒಂದಕ್ಕೆ ಇಬ್ರು ಕಾವಲು."

ಅವನು ಹೊಡೆದ ಏಟಿಗೆ ಅವಳ ತುಟಿ ಒಡೆಯಿತು. ರಕ್ತ ಗಲ್ಲಕ್ಕಿಳಿದರೂ ಅವಳು ಹಿಂದೆ ಸರಿಯಲಿಲ್ಲ. ಅವನು ಮತ್ತೆ ಕೈಯೆತ್ತಿದಾಗ ಆ ಕೈಯನ್ನು ಯಾರೋ ಹಿಡಿದರು. ಇನ್ನೊಬ್ಬರು ಕೊರಳಪಟ್ಟಿ ಹಿಡಿದರು. ಎಂದೂ ತಲೆಯೆತ್ತಿ ಮಾತಾಡದ ಮಕ್ಕಳೆಲ್ಲ ಸೇರಿ ದಬ್ಬಿದಾಗ ಅಮರೇಶ ಜಲ್ಲಿಕಲ್ಲಿನ ಮೇಲೆ ಬೋರಲು ಬಿದ್ದ.

ಷಟರ್ ಎತ್ತಿದರು. ಚಂದ್ರಣ್ಣನ ಎರಡು ಬೆರಳು ಜೋತುಬಿದ್ದಿದ್ದವು. ಸ್ವಪ್ನ ತನ್ನ ವೇಲು ಹರಿದು ಕಟ್ಟಿದಳು. ಒಳಗೆ ಕೂತು ಅವನು ಎಡಗೈಯಲ್ಲೇ ತುಂಡುಗಳನ್ನು ಒಂದೊಂದಾಗಿ ಜೋಡಿಸಿದ. ಮಷೀನು ಎದ್ದಿತು. ತಮ್ಮ ಹೆಸರುಗಳು ತೆರೆಯ ಮೇಲೆ ಮೂಡಿದ್ದನ್ನು ಮಕ್ಕಳು ಒಬ್ಬರ ಹೆಗಲ ಮೇಲಿಂದ ಒಬ್ಬರು ಬಗ್ಗಿ ನೋಡಿದರು.

ಹೊರಗಿನಿಂದ ಷಟರ್ ದಡಕ್ಕನೆ ಬಿತ್ತು. ಅಮರೇಶ ಫ್ಯೂಸು ಕಿತ್ತಿದ್ದ. ತೆರೆಗಳೆಲ್ಲ ಆರಿದವು. ತುಸು ಹೊತ್ತಿಗೇ ಅವನ ಆಳುಗಳು ಎಸೆಯುವ ಕಲ್ಲು ಷಟರಿಗೆ ಬಡಿಯತೊಡಗಿದವು.

ಯಾರೋ ಬಿಕ್ಕಿದರು. ಚಂದ್ರಣ್ಣನ ದನಿ ಕತ್ತಲಲ್ಲಿ ಮೆಲ್ಲಗೆ ಬಂತು.

"ಕರೆಂಟು ಅವನ್ದು, ಮಷೀನು ನಮ್ದು. ಜೋಡ್ಸಿದ ಫೈಲು ಒಳಗೇ ಐತೆ, ಕಾಯ್ಕಂಡ್ರೆ ಸಾಕು. ನಾಳೆ ಪರೀಕ್ಷೆಯೋರು ಬರಾ ತನ್ಕ ಯಾರೂ ಏಳಬ್ಯಾಡ್ರಿ."

ಯಾರೂ ಏಳಲಿಲ್ಲ.